ಮೂರು ಎಣಿಸುವಷ್ಟು ಹೊತ್ತು ಒತ್ತಿದ ಬಟನ್

ಬ್ರೇಕಿನ ಮೇಲೆ ಕಾಲಿಟ್ಟು ಯಮನೂರಪ್ಪ ಕಾರಿನ ಪವರ್ ಬಟನ್ ಒತ್ತಿದ. ಸದ್ದೇನೂ ಬರಲಿಲ್ಲ. ಎದುರಿನ ಫಲಕದಲ್ಲಿ ಹಳದಿ, ಕೆಂಪು ದೀಪಗಳು ಒಮ್ಮೆಲೇ ಹೊತ್ತಿಕೊಂಡು ಒಂದೊಂದಾಗಿ ಆರತೊಡಗಿದವು. ಕೊನೆಗೆ ಉಳಿದದ್ದು ಒಂದು ಪುಟ್ಟ ಕಾರಿನ ಚಿತ್ರ, ಅದರ ಗಾಲಿಗಳ ಹಿಂದೆ ಹಾವು ಹರಿದಂಥ ಎರಡು ಗೆರೆ. ಅದೂ ಆರಿತು. ಆರಿದ ಮೇಲೂ ಅವನು ಆ ಜಾಗವನ್ನೇ ನೋಡುತ್ತ ಕುಳಿತ.

"ಏನ್ ಯಮನೂರಾ, ಗಾಡಿಗೆ ನಿದ್ದಿ ಬಂತೋ, ನಿನಗ ಬಂತೋ?"

ಮನೆಯ ಕಟ್ಟೆಯ ಮೇಲಿಂದ ಕೇಳಿದವಳು ಸಿದ್ದವ್ವ. ಎಪ್ಪತ್ತೆರಡು ವರ್ಷದ ಅವಳು ಎರಡೂ ಕೈಯಿಂದ ವಾಕರ್ ಹಿಡಿದು ನಿಂತಿದ್ದಳು. ಬೆಳಿಗ್ಗೆ ಹತ್ತು ಹೆಜ್ಜೆ, ಸಂಜೆ ಹತ್ತು ಹೆಜ್ಜೆ ಎಂದು ಹುಬ್ಬಳ್ಳಿಯ ಡಾಕ್ಟರ್ ಹೇಳಿದ್ದರು. ಅಂದು ಆರನೇ ಹೆಜ್ಜೆಗೇ ನಿಂತಿದ್ದಳು.

"ದೀಪ ನೋಡಾಕತ್ತಿದ್ನಿರಿ, ಅವ್ವಾರ."

"ದೀಪ ನೋಡಾಕ ದೇವರ ಮನಿ ಐತಿ. ಪ್ರಭು ಅಂಗಡ್ಯಾಗ ಕಾಯಾಕತ್ತಾನ, ಹೋಗು."

ನವೆಂಬರ್ ತಿಂಗಳ ಕೊನೆಯ ವಾರ. ಐದು ವಾರ ರಿಪೇರಿಗೆ ನಿಂತಿದ್ದ ಕಾರನ್ನು ಯಮನೂರಪ್ಪ ಹಿಂದಿನ ದಿನವಷ್ಟೇ ಹುಬ್ಬಳ್ಳಿಯಿಂದ ನರಗುಂದಕ್ಕೆ ತಂದಿದ್ದ. ಕಾರಿನ ಎಡ ಬಾಗಿಲು ಹೊಸದು. ಸಿದ್ದವ್ವನ ಸೊಂಟದ ಎಡ ಕೀಲೂ ಹೊಸದು. ಅವೆರಡೂ ಒಂದೇ ಮಧ್ಯಾಹ್ನ ಮುರಿದಿದ್ದವು, ಆಗ ಸ್ಟೇರಿಂಗ್ ಹಿಡಿದಿದ್ದವನು ಯಮನೂರಪ್ಪ.

ಅವನಿಗೆ ಈಗ ಐವತ್ಮೂರು. ಹುಟ್ಟಿದ್ದು ರೋಣ ತಾಲ್ಲೂಕಿನ ಹೊಳೆಮಣ್ಣೂರಿನಲ್ಲಿ, ಹೊಳೆ ಉಕ್ಕಿದಾಗೆಲ್ಲ ಕಾಳಿನ ಚೀಲ ತಲೆಯ ಮೇಲೆ ಹೊತ್ತು ಗುಡಿಯ ಕಟ್ಟೆಗೆ ಏರುವ ಮನೆಯಲ್ಲಿ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಹದಿನೆಂಟು ತುಂಬುವ ಮೊದಲೇ ಅವನು ಹೊಳೆಆಲೂರು ಸ್ಟೇಷನ್ನಿನಿಂದ ಹಳ್ಳಿಗಳಿಗೆ ಮಂದಿಯನ್ನು ತುಂಬಿಕೊಂಡು ಹೋಗುವ ಜೀಪಿನ ಹಿಂದೆ ಜೋತುಬಿದ್ದ. ಎರಡು ವರ್ಷದಲ್ಲಿ ಅದೇ ಜೀಪಿನ ಸ್ಟೇರಿಂಗ್ ಕೈಗೆ ಬಂತು. ಬೇಸಿಗೆಯಲ್ಲಿ ಆ ಜೀಪನ್ನು ಯಾರು ಬೇಕಾದರೂ ಓಡಿಸುತ್ತಿದ್ದರು. ಮಳೆಗಾಲದಲ್ಲಿ ಮಂದಿ, "ಯಮನೂರಪ್ಪ ಅದಾನೇನು? ಇದ್ರ ಹತ್ತತೀವಿ, ಇಲ್ಲಂದ್ರ ನಡ್ಕೋತ ಹೋಗತೀವಿ" ಎನ್ನುತ್ತಿದ್ದರು.

ಈ ಸೀಮೆಯದು ಎರಿ ಮಣ್ಣು. ಒಣಗಿದಾಗ ಬಿರುಕು ಬಿಟ್ಟು ಕಾಲು ನುಂಗುವ ಈ ಕಪ್ಪು ಮಣ್ಣು, ಒಂದು ಹದ ಮಳೆ ಬಿದ್ದರೆ ಬೆಣ್ಣೆಯಾಗುತ್ತದೆ. ಎರಡು ಹೆಜ್ಜೆ ನಡೆದರೆ ಚಪ್ಪಲಿಗೆ ಸೇರು ಮಣ್ಣು ಅಂಟುತ್ತದೆ. ಟೈರಿನ ಗೀರುಗಳಲ್ಲಿ ಮೆತ್ತಿಕೊಂಡು ಅದನ್ನು ಬೋಳು ಮಾಡಿಬಿಡುತ್ತದೆ. ಬೋಳಾದ ಗಾಲಿ ನಿಂತರೆ ಮುಗಿಯಿತು, ಇನ್ನೊಂದು ಗಾಡಿ ಬಂದು ಎಳೆಯಬೇಕು. ಹಾಗಾಗಿ ಇಲ್ಲಿನ ಡ್ರೈವರುಗಳಿಗೆ ಒಂದೇ ಸೂತ್ರ: ಗಾಲಿ ನಿಲ್ಲಬಾರದು. ರೊಯ್ಯನೆ ತಿರುಗಿಸುತ್ತಲೇ ಇರಬೇಕು, ತಿರುಗಿದರೆ ಮಣ್ಣು ಸಿಡಿದು ಹೋಗುತ್ತದೆ, ಟೈರಿಗೆ ಮತ್ತೆ ಹಲ್ಲು ಬರುತ್ತದೆ. ಮೂತಿ ಅತ್ತಿತ್ತ ಜಾರಿದರೆ ಕಾಲು ತೆಗೆಯದೆ ಇನ್ನಷ್ಟು ಒತ್ತಬೇಕು. ಎಷ್ಟು ಒತ್ತಬೇಕೆಂದು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಎಂಜಿನ್ ದಪ್ಪ ದನಿಯಲ್ಲಿ ಕೂಗಿದರೆ ಗಾಲಿಗೆ ನೆಲ ಸಿಕ್ಕಿದೆ, ಒಮ್ಮೆಲೇ ದನಿ ತೆಳುವಾಗಿ ಏರಿದರೆ ಬರೀ ಗಾಲಿ ತಿರುಗುತ್ತಿದೆ. ಯಮನೂರಪ್ಪ ಮೂವತ್ತು ವರ್ಷ ಹೀಗೆ ಕಿವಿಯಿಂದ ಗಾಡಿ ಓಡಿಸಿದವನು.

ಹನ್ನೊಂದು ವರ್ಷದ ಹಿಂದೆ ನರಗುಂದದ ಕಾಳಿನ ವ್ಯಾಪಾರಿ, ಸಿದ್ದವ್ವನ ಮಗ ಪ್ರಭುಲಿಂಗಪ್ಪ ಅವನನ್ನು ಮನೆಯ ಕಾರಿಗೆ ಕರೆದುಕೊಂಡ. ಪ್ರಭುಲಿಂಗಪ್ಪನ ಹಳೆಯ ಮನೆತನದ ಹೊಲ ಹೊಳೆಮಣ್ಣೂರಿನಲ್ಲಿತ್ತು. ಮಳೆಗಾಲದಲ್ಲೂ ಅಲ್ಲಿಗೆ ಹೋಗಿ ಬರಬಲ್ಲ ಡ್ರೈವರ್ ಬೇಕಾಗಿದ್ದ. ಯಮನೂರಪ್ಪ ಹೆಂಡತಿ ಮಾನವ್ವನೊಂದಿಗೆ ನರಗುಂದಕ್ಕೆ ಬಂದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಗಾಡಿಗೆ ಗೀರು ಬಿದ್ದಿರಲಿಲ್ಲ.

ಹೋದ ಯುಗಾದಿಗೆ ಹೊಸ ಕಾರು ಬಂತು. ಅದನ್ನು ಆರಿಸಿದವಳು ಸಿದ್ದವ್ವನ ಸೊಸೆ, ಗಜೇಂದ್ರಗಡದಿಂದ ಬಂದ ಶೈಲಶ್ರೀ. ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯ ಮೋಟಾರೂ ಇರುವ ಹೈಬ್ರಿಡ್ ಕಾರು. ನಿಧಾನಕ್ಕೆ ಹೋಗುವಾಗ ಮೋಟಾರೇ ಎಳೆಯುತ್ತದೆ, ಎಂಜಿನ್ ತನಗೆ ಬೇಕೆನಿಸಿದಾಗ ಎದ್ದು, ಬೇಡವೆನಿಸಿದಾಗ ಮಲಗುತ್ತದೆ. ಮೊದಲ ವಾರ ಯಮನೂರಪ್ಪ, "ಇದು ಗಾಡಿ ಅಲ್ಲರಿ, ಬೆಕ್ಕು" ಎಂದಿದ್ದ. ಸಿದ್ದವ್ವನಿಗೆ ಅದು ಹಿಡಿಸಿತು. ಕಾರಿನಲ್ಲಿ ಕುಳಿತು ಹಿಂದಿನ ಸೀಟಿನಿಂದ ಮಾತಾಡಿದರೆ ಡ್ರೈವರಿಗೆ ಕೇಳಿಸುತ್ತಿತ್ತು.

ಜುಲೈನಲ್ಲಿ ಪ್ರಭುಲಿಂಗಪ್ಪನನ್ನು ಹೊಲಕ್ಕೆ ಕರೆದೊಯ್ದಾಗ ಬೆಕ್ಕು ಸಿಕ್ಕಿಬಿತ್ತು. ಹೊಲದ ದಾರಿಯ ಮಧ್ಯದಲ್ಲಿ ಫಲಕದ ಮೇಲೆ ಆ ಹಳದಿ ಕಾರಿನ ಚಿತ್ರ ಮಿಣಮಿಣ ಮಿಂಚತೊಡಗಿತು. ಯಮನೂರಪ್ಪ ಕಾಲು ಒತ್ತಿದಷ್ಟೂ ಗಾಡಿ ಸುಮ್ಮನಾಯಿತು. ಗಾಲಿ ಅರ್ಧ ಸುತ್ತು ತಿರುಗಿ ನಿಂತು, ಮತ್ತೆ ಅರ್ಧ ಸುತ್ತು ತಿರುಗಿ ನಿಂತು, ಇದ್ದಲ್ಲೇ ಕುಸಿಯಿತು. ಕೊನೆಗೆ ಹಗ್ಗ ಕಟ್ಟಿ ಎಳೆದದ್ದು ಮೋದಿನಸಾಬನ ಟ್ರ್ಯಾಕ್ಟರ್.

ಮೋದಿನಸಾಬ ಹೊಳೆಮಣ್ಣೂರಿನವನೇ, ನಲವತ್ತರ ಸುಮಾರಿನವನು. ಒಂದು ಟ್ರ್ಯಾಕ್ಟರ್, ಒಂದು ಟ್ರೇಲರ್ ಇಟ್ಟುಕೊಂಡು ನರಗುಂದದ ನಾಲ್ಕು ಅಂಗಡಿಗಳಿಗೆ ಹೊಲದಿಂದ ಮಾಲು ಹೇರುತ್ತಿದ್ದ. ಯಮನೂರಪ್ಪನ ಜೀಪಿನಲ್ಲಿ ಕುಳಿತು ರೋಣಕ್ಕೆ ಶಾಲೆಗೆ ಹೋದವನು.

"ಕಾಕಾ, ನೀ ಯಾರ್ಯಾರನ್ನೋ ರಾಡ್ಯಾಗಿಂದ ಎತ್ತಿದಿ. ನಿನ್ನ ಎತ್ತಾಕ ನಾ ಹುಟ್ಟಿ ಬರಬೇಕಾತು ನೋಡು."

"ನಗು ಮಗನ, ನಗು. ಗಾಡಿ ನನ್ನ ಮಾತು ಕೇಳವಲ್ದು."

"ಹೊಸಾ ಸೊಸಿ ಇದ್ದಂಗ. ತಿಂಗಳು ತಡಿ, ನೀ ಅದರ ಮಾತು ಕೇಳತಿ."

ಪ್ರಭುಲಿಂಗಪ್ಪನೂ ನಕ್ಕ. ಯಮನೂರಪ್ಪನಿಗೆ ಆ ನಗು ವಾರಗಟ್ಟಲೆ ಕುಟುಕಿತು. ಫೋನಿನಲ್ಲಿ ಹುಡುಕಿ ಒಂದು ಹಿಂದಿ ವಿಡಿಯೊ ನೋಡಿದ. ಗಾಡಿಯನ್ನು ತಡೆಯುತ್ತಿದ್ದುದು ಟ್ರ್ಯಾಕ್ಷನ್ ಕಂಟ್ರೋಲ್. ಯಾವ ಗಾಲಿ ನೆಲ ಬಿಟ್ಟು ಸುಮ್ಮನೆ ತಿರುಗುತ್ತದೋ ಅದಕ್ಕೆ ತಾನೇ ಬ್ರೇಕ್ ಹಾಕಿ, ಮೋಟಾರಿನ ಬಲವನ್ನೂ ಕಡಿಮೆ ಮಾಡುವ ಏರ್ಪಾಡು. ಸ್ಟೇರಿಂಗಿನ ಪಕ್ಕದ ಒಂದು ಬಟನ್ನಿನಿಂದ ಅದನ್ನು ಬಂದ್ ಮಾಡಬಹುದು. ಗಾಡಿ ನಿಂತಿದ್ದಾಗ ಮೂರು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ ಪೂರ್ತಿ ಆರುತ್ತದೆ.

ಆಗಸ್ಟಿನಲ್ಲಿ ಹೆಸರು ಕಾಯಿ ಬಿಡಿಸುವ ಹೊತ್ತಿಗೆ ಅವನು ಅದೇ ದಾರಿಯಲ್ಲಿ ಬಟನ್ ಒತ್ತಿ ಹಿಡಿದು, ಗಾಲಿ ರೊಯ್ಯನೆ ತಿರುಗಿಸಿ, ಮಣ್ಣು ಸಿಡಿಸುತ್ತ ಹೋಗಿ ಬಂದ. ಯಾರಿಗೂ ಗುಟ್ಟು ಹೇಳಲಿಲ್ಲ. "ಈಗ ಗಾಡಿ ಕೈಗೆ ಬಂತಲ್ಲೋ" ಎಂದು ಪ್ರಭುಲಿಂಗಪ್ಪ ಹೇಳಿದಾಗ, "ಎರಿ ನನಗ ಗೊತ್ತಿಲ್ಲೇನ್ರಿ ಸಾವಕಾರ್ರ" ಎಂದಷ್ಟೇ ಅಂದ.

ಅಕ್ಟೋಬರಿನಲ್ಲಿ ಶೀಗಿ ಹುಣ್ಣಿಮೆ ಬಂತು. ಅಂದು ಹೊಲಕ್ಕೆ ಬುತ್ತಿ ಒಯ್ದು, ಬನ್ನಿಯ ಗಿಡದ ಕೆಳಗೆ ಐದು ಕಲ್ಲು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲಬೇಕು. ಮುಂದೊಬ್ಬರು ಅಡುಗೆಯನ್ನು ನಾಲ್ಕು ದಿಕ್ಕಿಗೂ ಚೆಲ್ಲುತ್ತ, ಹಿಂದೊಬ್ಬರು ನೀರು ಹಾಕುತ್ತ ನಡೆಯುತ್ತಾರೆ. ಬಸುರಿಗೆ ಉಣಿಸಿದ ಹಾಗೆ ಭೂಮಿಗೆ ಉಣಿಸುವುದು. ಸಿದ್ದವ್ವ ಮದುವೆಯಾಗಿ ಬಂದ ಮೇಲೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಹಿಂದಿನ ಎರಡು ದಿನ ಮಳೆಯಾಗಿತ್ತು. ಡಾಂಬರು ರಸ್ತೆಯ ಬದಿಯಲ್ಲೇ ಚರಗ ಚೆಲ್ಲಿ ಬಂದರೆ ಸಾಲದೇ ಎಂದು ಮಗ ಕೇಳಿದ.

"ಬಸುರಿ ಹೆಣ್ಣಮಗಳನ್ನ ರಸ್ತಾದಾಗ ನಿಂದ್ರಿಸಿ ಉಣಸತೀಯೇನು?" ಎಂದಳು ಸಿದ್ದವ್ವ. "ಯಮನೂರಾ ಒಯ್ಯತಾನ."

ಒಯ್ದ. ಸಿದ್ದವ್ವ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಬುತ್ತಿಯ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಬುಟ್ಟಿಗೆ ಅಡ್ಡವಾಗುತ್ತದೆಂದು ಬೆಲ್ಟ್ ಹಾಕಿರಲಿಲ್ಲ. ಉಳಿದವರು ಹಿಂದಿನಿಂದ ಬೇರೆ ಗಾಡಿಯಲ್ಲಿ ಬಂದು ರಸ್ತೆಯಲ್ಲೇ ಇಳಿದು ಹೊಲಕ್ಕೆ ನಡೆದರು. ಹೊಲದ ದಾರಿಗೆ ಇಳಿಯುವ ಮೊದಲು ಯಮನೂರಪ್ಪ ಬಟನ್ ಒತ್ತಿ ಹಿಡಿದ. ಪೂಜೆ ಆಯಿತು, ಊಟ ಆಯಿತು. ವಾಪಸು ಹೊರಡುವಾಗ ಪವರ್ ಹಾಕಿ ಮತ್ತೆ ಬಟನ್ ಒತ್ತಿ ಹಿಡಿದ. ಕಾರು ಮಣ್ಣು ಸಿಡಿಸುತ್ತ ಡಾಂಬರಿಗೆ ಏರಿತು.

ಅಲ್ಲಿ ಹತ್ತು ನಿಮಿಷ ನಿಂತರು. ಸಿದ್ದವ್ವ ಕಾಲು ತೊಳೆದುಕೊಂಡಳು. ಯಮನೂರಪ್ಪ ಕುರ್ಪಿಯಿಂದ ಟೈರಿನ ಮಣ್ಣು ಕೆರೆದ. ಹಳೆಯ ಕಾರಾಗಿದ್ದರೆ ಇಳಿಯುವಾಗ ಕೈ ತಾನಾಗಿ ಚಾವಿ ತಿರುಗಿಸುತ್ತಿತ್ತು. ಈ ಕಾರು ಮೊದಲೇ ಸುಮ್ಮನಿತ್ತು. ಸುಮ್ಮನಿದ್ದ ಗಾಡಿಯನ್ನು ಬಂದ್ ಮಾಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಹಾಗೇ ಹತ್ತಿ ಕುಳಿತು, ಗೇರು ಹಾಕಿ ಹೊರಟ.

ಒಂದು ಕಿಲೋಮೀಟರ್ ಮುಂದೆ ಹಳ್ಳದ ಸಣ್ಣ ಸೇತುವೆ. ದಾಟಿದ ಕೂಡಲೇ ರಸ್ತೆ ಎಡಕ್ಕೆ ಹೊರಳಿ ಏರುತ್ತದೆ. ಆ ಬೆಳಿಗ್ಗೆ ಮೋದಿನಸಾಬನ ಟ್ರ್ಯಾಕ್ಟರ್ ಗೋವಿನಜೋಳದ ಹೇರು ಹೊತ್ತು ಮೂರು ಸಲ ಅಲ್ಲಿ ಹಾದುಹೋಗಿತ್ತು. ಅದರ ಗಾಲಿಗಳಿಂದ ಉದುರಿದ ಎರಿ ಡಾಂಬರಿನ ಮೇಲೆ ಹಪ್ಪಳದಷ್ಟು ತೆಳ್ಳಗೆ ಹರಡಿತ್ತು, ಮೇಲೆ ಜಿನುಗು ಮಳೆ. ಎದುರಿನಿಂದ ಬೈಕ್ ಬಂತು. ಯಮನೂರಪ್ಪ ಕಾರನ್ನು ಎಡಕ್ಕೆ ಎಳೆದು, ಏರು ಹತ್ತಲೆಂದು ಕಾಲು ಒತ್ತಿದ. ಮೋಟಾರು ತನ್ನ ಬಲವನ್ನೆಲ್ಲ ಒಂದೇ ಕ್ಷಣದಲ್ಲಿ ಮುಂದಿನ ಗಾಲಿಗಳಿಗೆ ಕೊಟ್ಟಿತು. ಗಾಲಿಗಳು ಇದ್ದಲ್ಲೇ ತಿರುಗಿದವು. ಸದ್ದಿಲ್ಲ. ಕಿವಿಗೆ ಏನೂ ಬೀಳಲಿಲ್ಲ. ಮೂತಿ ಹೊರಗೆ ಜಾರುತ್ತಿರುವುದು ಕಣ್ಣಿಗೆ ಕಂಡಾಗ, ಅವನ ಕಾಲು ಮೂವತ್ತು ವರ್ಷ ಕಲಿತದ್ದನ್ನೇ ಮಾಡಿತು. ಇನ್ನಷ್ಟು ಒತ್ತಿತು.

ವೇಗ ಮೂವತ್ತೂ ಇರಲಿಲ್ಲ. ಕಾರು ತಿರುಗಿ, ಎಡ ಮಗ್ಗುಲು ಸೇತುವೆಯ ಕೊನೆಯ ಕಲ್ಲಿಗೆ ಬಡಿದು, ಚರಂಡಿಗೆ ವಾಲಿತು. ಬುಟ್ಟಿ ಉರುಳಿತು. ಸಿದ್ದವ್ವ ಕೂಗಲಿಲ್ಲ. "ಕಾಲು ಎತ್ತಾಕ ಬರವಲ್ದೋ ಯಮನೂರಾ" ಎಂದಳು, ಬಹಳ ಮೆತ್ತಗೆ.

ಹಿಂದಿನ ಗಾಡಿಯಲ್ಲಿದ್ದ ಪ್ರಭುಲಿಂಗಪ್ಪ ಅಲ್ಲಿಗೆ ಬಂದು ಮುಟ್ಟಲು ಐದು ನಿಮಿಷವೂ ಹಿಡಿಯಲಿಲ್ಲ. ತಾಯಿಯನ್ನು ಆ ಗಾಡಿಗೆ ಎತ್ತಿ ಮಲಗಿಸಿದ ಮೇಲೆ ರಸ್ತೆಯ ಮೇಲೆ ಕಾಲಿಟ್ಟು ತಾನೇ ಜಾರಿದ. ಕೆಳಗೆ ನೋಡಿದ.

"ಇಲ್ಲಿ ರಾಡಿ ಇತ್ತಿಲ್ಲೋ?"

"ಇತ್ತರಿ" ಎಂದ ಯಮನೂರಪ್ಪ.

ಅವನು ಸುಳ್ಳು ಹೇಳಿರಲಿಲ್ಲ. ಆದರೆ ಆ ಒಂದು ಮಾತು ಅಲ್ಲಿಂದ ಮುಂದೆ ಅವನ ಕೈ ಮೀರಿ ನಡೆಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಆಪರೇಷನ್ ಆದ ಮೂರನೇ ದಿನ, ಪ್ರಭುಲಿಂಗಪ್ಪ ನರಗುಂದದ ಮಾರುಕಟ್ಟೆಯ ತನ್ನ ಅಂಗಡಿಗೆ ಮೋದಿನಸಾಬನನ್ನು ಕರೆಸಿದ. ಉಳಿದ ಮೂರು ಅಂಗಡಿಯವರೂ ಇದ್ದರು.

"ಸಾವಕಾರ್ರ, ಆ ರಾಡಿ ನಿಮ್ಮ ಹೊಲದ್ದರಿ" ಎಂದ ಮೋದಿನಸಾಬ. "ಮತ್ತ ಮಳಿ ಬರೂದ್ರಾಗ ಗೋವಿನಜೋಳ ತೆಗಿ ಅಂದವರೂ ನೀವ."

"ತೆಗಿ ಅಂದೆ. ರಸ್ತಾಕ್ಕ ಸಾರಿಸಿ ಬಾ ಅಂದಿದ್ನೇನು?"

"ಪ್ರತಿ ವರ್ಷ ಬೀಳೂ ಮಣ್ಣರಿ ಅದು. ಅದರ ಮ್ಯಾಲ ಬಸ್ ಹೋಗತಾವ, ಬೈಕ್ ಹೋಗತಾವ. ಆವತ್ತ ಆ ಬೈಕಿನಾಂವ ಬೀಳಲಿಲ್ಲಲ್ರಿ?"

"ಅಂದ್ರ ನನ್ನ ಡ್ರೈವರ್‌ಗ ಗಾಡಿ ಹೊಡಿಯಾಕ ಬರಂಗಿಲ್ಲಂತೀಯೇನು? ಹನ್ನೊಂದು ವರ್ಷ ಒಂದು ಗೀರು ಬಿದ್ದಿಲ್ಲ. ಅಂವನ ಇಲ್ಲೇ ಅದಾನ, ಕೇಳು."

ಬಾಗಿಲ ಬಳಿ ನಿಂತಿದ್ದ ಯಮನೂರಪ್ಪನ ಕಡೆ ಮೋದಿನಸಾಬ ತಿರುಗಿದ. "ಕಾಕಾ?"

ಯಮನೂರಪ್ಪ, "ರಾಡಿ ಇತ್ತಪಾ" ಎಂದು ಮತ್ತೊಮ್ಮೆ ಹೇಳಿದ.

ನಾಲ್ಕೂ ಅಂಗಡಿಗಳು ಆ ದಿನದಿಂದ ಮೋದಿನಸಾಬನಿಗೆ ಹೇರು ಕೊಡುವುದನ್ನು ನಿಲ್ಲಿಸಿದವು. ಅದು ಗೋವಿನಜೋಳ ಮತ್ತು ಹತ್ತಿ ಬರುವ ಕಾಲ, ಟ್ರ್ಯಾಕ್ಟರಿನವರಿಗೆ ವರ್ಷದ ದುಡಿಮೆಯ ಕಾಲ.

ಬಟನ್ ಒತ್ತಿದ್ದು ತನಗೆ ನೆನಪಿತ್ತು ಎಂಬುದನ್ನು ಯಮನೂರಪ್ಪ ಈಗ ಅಲ್ಲಗಳೆಯುವುದಿಲ್ಲ. ಆದರೆ ವೇಗ ಹೆಚ್ಚಿದರೆ ಅದು ತಾನಾಗಿ ಮತ್ತೆ ಚಾಲೂ ಆಗುತ್ತದೆಂದು ಯಾರೋ ಡ್ರೈವರ್ ಹೇಳಿದ್ದ. ಐದು ವಾರ ಅವನು ಆ ಮಾತಿಗೆ ಜೋತುಬಿದ್ದ. ಸಿದ್ದವ್ವನಿಗೆ ಹಾಲು ತಂದುಕೊಡುತ್ತಿದ್ದ, ಔಷಧಿ ತರುತ್ತಿದ್ದ, ಅವಳ ವಾಕರಿನ ಕಾಲಿಗೆ ರಬ್ಬರ್ ಹಾಕಿಸಿಕೊಂಡು ಬಂದ. ಮನೆಯಲ್ಲಿ ಅವನ ಊಟ ಕಡಿಮೆಯಾಯಿತು.

ಆ ಮಾತು ಸರ್ವಿಸ್ ಸೆಂಟರಿನಲ್ಲಿ ಮುಗಿಯಿತು. ಕಾರು ಒಪ್ಪಿಸುವಾಗ ಅಲ್ಲಿಯ ಹಾಲೇಶ ಎಂಬ ಮೆಕ್ಯಾನಿಕ್ ಎಲ್ಲ ಬಟನ್‌ಗಳನ್ನೂ ಒತ್ತಿ ತೋರಿಸುತ್ತಿದ್ದ. ಯಮನೂರಪ್ಪ ಏನೂ ಅರಿಯದವನಂತೆ ಕೇಳಿದ.

"ಇದನ್ನ ಒತ್ತಿದ್ರ ಮತ್ತ ತಾನ ಚಾಲೂ ಆಗತೈತೇನ್ರಿ?"

"ಒಮ್ಮೆ ಒತ್ತಿ ಬಿಟ್ರ ಆಗತೈತಿ. ಗಾಡಿ ಓಟ ಹಿಡಿದ ಕೂಡ್ಲೇ ಬರತೈತಿ. ಹಿಂಗ ಒತ್ತಿ ಹಿಡಿದ್ರ ಬರಂಗಿಲ್ಲ. ಗಾಲಿ ಸುಮ್ನ ತಿರಗೂದು, ಗಾಡಿ ಜಾರೂದು ತಡಿಯೂ ಎರಡೂ ಕಂಟ್ರೋಲ್ ಬಂದ್. ನೀವ ಮತ್ತ ಒತ್ತಬೇಕು, ಇಲ್ಲಂದ್ರ ಪವರ್ ಬಂದ್ ಮಾಡಿ ಹಾಕಬೇಕು."

"ಡಾಂಬರಿನ ಮ್ಯಾಲ ರಾಡಿ ಇತ್ತಂದ್ರ?"

"ಅಲ್ಲೇ ಇದು ಬೇಕ ನೋಡ್ರಿ. ಎರಿಯೊಳಗ ಗಾಲಿ ಆಳಕ್ಕಿಳಿದಿರತೈತಿ, ತಿರಗಬೇಕು, ಬಂದ್ ಮಾಡಿದ್ರ ಛಲೋ. ಡಾಂಬರಿನ ಮ್ಯಾಲಿಂದು ಬರೀ ಪದರ. ಅಲ್ಲಿ ಗಾಲಿ ತಿರಗಿದ್ರ ಹಿಡಿತ ಹೋತು. ಅದರಾಗ ಇದು ಮೋಟಾರಿನ ಗಾಡಿ, ಮೊದಲ ಕಾಲಿಗೇ ಪೂರಾ ಜೋರು ಕೊಡತೈತಿ. ಆ ಜೋರಿಗೆ ಲಗಾಮು ಹಾಕೂದ ಇದು."

ಯಮನೂರಪ್ಪ, "ಇದು ಚಾಲೂ ಇದ್ರ ಗಾಡಿ ಉಳಿಯತಿತ್ತೇನ್ರಿ?" ಎಂದ.

ಹಾಲೇಶ ಅವನ ಮುಖ ನೋಡಿದ. ಹೊಸ ಬಾಗಿಲನ್ನೂ ನೋಡಿದ. "ಉಳಿಯತಿತ್ತಂತ ನಾ ಹೇಳಂಗಿಲ್ಲರಿ. ಟೈರಿಗೆ ನೆಲಾನ ಸಿಗಲಿಲ್ಲಂದ್ರ ಯಾ ಕಂಟ್ರೋಲೂ ಏನೂ ಮಾಡಂಗಿಲ್ಲ. ಆದ್ರ ಅದು ನಿಮ್ಮ ಕಾಲಿನ ಮಾತು ಕೇಳತಿರಲಿಲ್ಲ."

ಆ ಸಂಜೆ ಮಾನವ್ವನಿಗೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ರ ಮೋದಿನಗ ಕೆಲಸ ಬರತೈತಿ, ನಿನ್ನದು ಹೋಗತೈತಿ. ಹೇಳದಿದ್ರ ನಿನ್ನದು ಇರತೈತಿ, ನೀ ಇರಂಗಿಲ್ಲ. ಐದು ವಾರ ಆತು, ಎರಡು ರೊಟ್ಟಿ ತಿನ್ನಾಂವ ಅರ್ಧಕ್ಕ ಏಳಾಕತ್ತಿ."

"ಏನ್ ಮಾಡ್ಲಿ ಹಂಗಾರ?"

"ನನ್ನ ಕೇಳಿ ಬಟನ್ ಒತ್ತಿದ್ದೇನು?"

ಹೀಗೆ ಮರುದಿನ ಬೆಳಿಗ್ಗೆ ಅವನು ಕಾರಿನಲ್ಲಿ ಕುಳಿತು, ಆರಿದ ದೀಪದ ಜಾಗವನ್ನು ನೋಡುತ್ತಿದ್ದ. ಅಂಗಡಿಗೆ ಹೋಗೆಂದು ಸಿದ್ದವ್ವ ಹೇಳಿದ ಮೇಲೂ ಹೋಗಲಿಲ್ಲ. ಪವರ್ ಬಂದ್ ಮಾಡಿ, ಇಳಿದು, ಕಟ್ಟೆಯ ಕೆಳಗೆ ನಿಂತ. ನಿಂತೇ ಎಲ್ಲವನ್ನೂ ಹೇಳಿದ: ಬಟನ್, ಮೂರು ಎಣಿಸಿದ್ದು, ರಸ್ತೆಯ ಬದಿಯಲ್ಲಿ ಬಂದ್ ಮಾಡದೆ ಬಿಟ್ಟದ್ದು, ಕಾಲು ಒತ್ತಿದ್ದು.

ಸಿದ್ದವ್ವ ವಾಕರ್ ಹಿಡಿದೇ ಕೇಳಿದಳು. ಬಟನ್ನಿನ ಲೆಕ್ಕ ಅವಳಿಗೆ ಪೂರ್ತಿ ತಿಳಿಯಿತೋ ಇಲ್ಲವೋ. ಉಳಿದದ್ದು ತಿಳಿಯಿತು.

"ಮೋದಿನ ಆವತ್ತ ಅಂಗಡಿಗೆ ಬಂದಾಗ ನೀ ಅಲ್ಲೇ ಇದ್ದೀಯೇನು?"

"ಇದ್ನಿರಿ."

"ಇದ್ದು?"

ಯಮನೂರಪ್ಪ ಅವಳ ವಾಕರಿನ ಹೊಸ ರಬ್ಬರನ್ನೇ ನೋಡಿದ.

"ನನ್ನ ಎಲುಬಿನ ಮಾತು ಬಿಡು. ಹೊಲಕ್ಕ ಒಯ್ಯಿ ಅಂದಾಕಿ ನಾನ, ಬೆಲ್ಟ್ ಹಾಕ್ಕೊಳಲಾರದಾಕಿನೂ ನಾನ" ಎಂದಳು ಅವಳು. "ಆದ್ರ ಇದನ್ನ ನನ್ನ ಮುಂದ ಹೇಳಿ ಹಗೂರ ಆಗಬ್ಯಾಡ. ನಾ ಏನ್ ಹೇರು ಕೊಡಾಕಿ? ಅಂವನ್ನ ಬೈದದ್ದು ನಾಕು ಮಂದಿ ಮುಂದ. ಆ ನಾಕು ಮಂದಿ ಮುಂದನ ಹೇಳು. ಈಗ ಹೋಗು, ನನಗ ಇನ್ನೂ ನಾಕ ಹೆಜ್ಜಿ ಬಾಕಿ ಅದಾವ."

ಅಂಗಡಿಯಲ್ಲಿ ಅಂದು ಹತ್ತಿಯ ಹರಾಜು ಮುಗಿದಿತ್ತು. ನಾಲ್ವರಲ್ಲಿ ಇಬ್ಬರು ವ್ಯಾಪಾರಿಗಳಷ್ಟೇ ಇದ್ದರು, ಒಬ್ಬ ಪ್ರಭುಲಿಂಗಪ್ಪ. ಯಮನೂರಪ್ಪ ಉಳಿದಿಬ್ಬರನ್ನೂ ಕರೆಯಿಸಿರೆಂದು ಕೇಳಿಕೊಂಡ. ಡ್ರೈವರ್ ಒಬ್ಬ ಹೀಗೆ ಕೇಳಿದ್ದು ಅಲ್ಲಿ ಮೊದಲು. ಏನೋ ಆಗಿದೆಯೆಂದು ಅವರು ಬಂದರು. ಅವನು ಕಟ್ಟೆಯ ಬಳಿ ಹೇಳಿದ್ದನ್ನೇ, ಅದೇ ಕ್ರಮದಲ್ಲಿ ಹೇಳಿದ. ಒಂದು ಮಾತು ಸೇರಿಸಿದ: "ರಾಡಿ ಇತ್ತರಿ. ಸುಳ್ಳಲ್ಲ. ಆದ್ರ ಆ ರಾಡಿ ಮ್ಯಾಲ ಗಾಡಿ ತಡಿಯೂದನ್ನ ನಾ ಕಿತ್ತಿ ಒಗದಿದ್ದೆ. ಅದನ್ನ ನಾ ಹೇಳಲಿಲ್ಲ."

ಪ್ರಭುಲಿಂಗಪ್ಪ ಮೇಜಿನ ಮೇಲಿದ್ದ ಹತ್ತಿಯ ಒಂದು ಎಳೆಯನ್ನು ಬೆರಳಲ್ಲಿ ಹೊಸೆಯುತ್ತಿದ್ದ.

"ಬಟನ್ ಒತ್ತು ಅಂತ ಯಾರು ಹೇಳಿದ್ರು ನಿನಗ?"

"ಯಾರೂ ಇಲ್ಲರಿ. ನಾನ ಕಲ್ತೆ. ಜುಲೈದಾಗ ನೀವೆಲ್ಲ ನಕ್ರಿ."

"ನಕ್ಕಿದ್ದಕ್ಕ ನಮ್ಮವ್ವನ ಸೊಂಟ ಮುರದಿ."

ಪಕ್ಕದ ಅಂಗಡಿಯವನು ಒಬ್ಬ, "ಖರೇ ಹೇಳ್ಯಾನ ಬಿಡ್ರಿ" ಎಂದು ಶುರುಮಾಡಿ, ಪ್ರಭುಲಿಂಗಪ್ಪನ ಮುಖ ನೋಡಿ ಸುಮ್ಮನಾದ. ಪ್ರಭುಲಿಂಗಪ್ಪ ತಾನೇ ಫೋನ್ ತೆಗೆದು ಮೋದಿನಸಾಬನಿಗೆ ಹಚ್ಚಿದ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ಆ ಕಡೆಯಿಂದ ಮೊದಲು ಟ್ರ್ಯಾಕ್ಟರಿನ ಸದ್ದು ಬಂತು.

"ಮೋದಿನಾ, ತಪ್ಪಾಗೇತಿ. ನಮ್ಮ ಕಡಿಯಿಂದ. ಯಮನೂರಪ್ಪ ಎಲ್ಲಾ ಹೇಳಿದ. ನಾಳಿಯಿಂದ ಬಾ, ಹತ್ತಿ ಹೇರೂದೈತಿ."

ಸದ್ದು ನಿಂತಿತು. ಮೋದಿನಸಾಬ ಎಂಜಿನ್ ಬಂದ್ ಮಾಡಿದ್ದ.

"ನಾಳಿ ಆಗಂಗಿಲ್ಲರಿ ಸಾವಕಾರ್ರ. ನಾ ಮುಧೋಳ ಕಡೆ ಅದೇನಿ. ಕಬ್ಬಿನ ಹೇರಿಗೆ ಮಾತು ಕೊಟ್ಟೇನಿ, ಹಂಗಾಮು ಮುಗಿಯೂತನಾ. ಹದಿನೈದು ದಿನ ಆತು ಬಂದು."

"ಮನಿಯವರು?"

"ಊರಾಗ ಅದಾರ್ರಿ. ಇಲ್ಲಿ ಶೆಡ್ಡಿನಾಗ ಇರತೀವಿ, ಅವರನ್ನ ಎಲ್ಲಿ ತರೂದು." ಆಮೇಲೆ, "ಕಾಕಾ ಅಲ್ಲೇ ಅದಾನೇನ್ರಿ?" ಎಂದ.

"ಅದೇನಪಾ" ಎಂದ ಯಮನೂರಪ್ಪ.

"ಕಾಕಾ, ನೀ ಹೇಳತಿ ಅಂತ ನಾ ಬಾಗಲ ಕಡೆ ನೋಡಿದೆ ಆವತ್ತ."

"ನೋಡಿದಿ."

"ಇರಲಿ. ಹೇಳಿದಿಯಲ್ಲ. ಲಗೂ ಹೇಳಿದ್ರ ನಾ ಊರಾಗ ಇರತಿದ್ದೆ, ಅಷ್ಟ." ಹಿಂದೆ ಯಾರೋ ಅವನನ್ನು ಕೂಗಿದರು. "ಇಡತೇನ್ರಿ ಸಾವಕಾರ್ರ. ಗಾಡಿ ಸರತಿಗೆ ನಿಂತೇತಿ."

ಪ್ರಭುಲಿಂಗಪ್ಪ ಫೋನನ್ನು ಮೇಜಿನ ಮೇಲಿಟ್ಟು ಕೈ ಚಾಚಿದ. ಯಮನೂರಪ್ಪ ಕಾರಿನ ಚಾವಿಯನ್ನು ಆ ಕೈಯಲ್ಲಿಟ್ಟ. ಕೆಲಸ ಬಿಡು ಎಂದು ಪ್ರಭುಲಿಂಗಪ್ಪ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಸಂಜೆಯವರೆಗೆ ಯಮನೂರಪ್ಪ ಅಂಗಡಿಯ ಹೊರಗೆ ಖಾಲಿ ಚೀಲಗಳ ಮೇಲೆ ಕುಳಿತಿದ್ದ. ಮಂದಿ ಹಾದುಹೋಗುವಾಗ ಎಂದಿನಂತೆ ಮಾತಾಡಿಸಿದರು. ಇಬ್ಬರಿಗೆ ಆಗಲೇ ಸುದ್ದಿ ಮುಟ್ಟಿತ್ತು, ಅವರು ಮಾತಾಡಿಸಲಿಲ್ಲ.

ಐದು ಗಂಟೆಗೆ ಪ್ರಭುಲಿಂಗಪ್ಪ ಹೊರಗೆ ಬಂದ. ಅಂಗಡಿಯ ಗೂಡ್ಸ್ ಟೆಂಪೊದ ಡ್ರೈವರ್ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ.

"ಟೆಂಪೊದಾಗ ಎಷ್ಟು ಬಟನ್ ಅದಾವ?"

"ಹಾರನ್ ಒಂದ ಐತ್ರಿ. ಅದೂ ಕೆಟ್ಟೈತಿ."

ಪ್ರಭುಲಿಂಗಪ್ಪ ನಗಲಿಲ್ಲ. "ನಾಳಿಯಿಂದ ಅದನ್ನ ಹೊಡಿ" ಎಂದು ಹೇಳಿ ಮನೆಯ ಕಡೆ ನಡೆದ.

ಸಿದ್ದವ್ವನನ್ನು ಸೋಮವಾರ ಹುಬ್ಬಳ್ಳಿಗೆ ತಪಾಸಣೆಗೆ ಒಯ್ಯಬೇಕು, ಕಾರನ್ನು ಶೈಲಶ್ರೀ ಓಡಿಸುತ್ತಾಳೆ. ಅದೇ ದಿನ ಯಮನೂರಪ್ಪ ಟೆಂಪೊದಲ್ಲಿ ನಲವತ್ತು ಚೀಲ ಕಡಲೆ ಹೇರಿಕೊಂಡು ರೋಣದ ಮೇಲೆ ಗಜೇಂದ್ರಗಡಕ್ಕೆ ಹೋಗುತ್ತಾನೆ.